ಕಾರ್ಯದರ್ಶಿಗಳ ಶಾಲು

ನಮ್ಮ ಕನ್ನಡ ಸಂಘದ ಕಾರ್ಯದರ್ಶಿಗಳು ಹೋದ ತಿಂಗಳು ತೀರಿಕೊಂಡರು. ಸಂತಾಪ ಸಭೆಯಲ್ಲಿ ಹನ್ನೊಂದು ಜನ ಮಾತಾಡಿದರು. ಅದರಲ್ಲಿ ನಾಲ್ವರು ತಮ್ಮ ಬಗ್ಗೆ ಮಾತಾಡಿದರು, ಮೂವರು ಕನ್ನಡದ ಸ್ಥಿತಿಗತಿಯ ಬಗ್ಗೆ ಮಾತಾಡಿದರು, ಒಬ್ಬರು ಮುಂದಿನ ಕಾರ್ಯದರ್ಶಿ ಯಾರಾಗಬೇಕೆಂಬುದರ ಬಗ್ಗೆ ಸೂಕ್ಷ್ಮವಾಗಿ ಸೂಚನೆ ಕೊಟ್ಟರು. ಉಳಿದವರು ಮಾತ್ರ ಸತ್ತವರ ಬಗ್ಗೆ ಮಾತಾಡಿದ್ದು. ಅವರಲ್ಲೊಬ್ಬರು ಗದ್ಗದರಾಗಿ, "ಧಾರವಾಡದ ಶಿಕ್ಷಕರ ಮಗನಾಗಿ ಹುಟ್ಟಿ, ಹೈದರಾಬಾದಿನ ಕನ್ನಡಿಗರ ಕಣ್ಣಾದರು" ಎಂದರು. ಪಕ್ಕದಲ್ಲಿ ಕೂತಿದ್ದ ನಮ್ಮ ಅವ್ವ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ.

ಮನೆಗೆ ಬಂದ ಮೇಲೆ, ಇವರ ಬಗ್ಗೆ ಬರೆಯಲೇನು ಎಂದು ಅವ್ವನನ್ನು ಕೇಳಿದೆ. "ಬರಿ. ಆದ್ರ ಅವ್ರ ಹೆಸರು ಹಾಕಬ್ಯಾಡ. ಮತ್ತ, ಸತ್ತಾರ ಅಂತ ಸಕ್ಕರಿ ಹಚ್ಚಬ್ಯಾಡ" ಅಂದಳು. ಎರಡೂ ಷರತ್ತನ್ನು ಒಪ್ಪಿಕೊಂಡಿದ್ದೇನೆ.

ಮೆಹದಿಪಟ್ಟಣಂನ ನಮ್ಮ ಗಲ್ಲಿಯಲ್ಲಿ ಅವರು ಮೂವತ್ತು ವರ್ಷ ನಮ್ಮ ಬಾಜೂ ಮನೆಯವರು. ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದರು. ಆದರೆ ಕಚೇರಿ ಅವರ ಉಪಕಸುಬು. ಮುಖ್ಯ ಕಸುಬು ಕಾರ್ಯದರ್ಶಿತನ. ಅಧ್ಯಕ್ಷರು ಐದಾರು ಜನ ಬಂದು ಹೋದರು, ಇವರು ಮಾತ್ರ ಅಲ್ಲಾಡಲಿಲ್ಲ. ಬೆಳಿಗ್ಗೆ ಹಾಲಿಗೆ ಹೋಗುವಾಗಲೂ ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ನಮ್ಮ ಗಲ್ಲಿಯಲ್ಲಿ ಮನೆಯೊಳಗೆ ರಾಯಚೂರು ಕಡೆಯ ಕನ್ನಡ, ಬಾಗಿಲ ಹೊರಗೆ ತೆಲುಗು, ಬಜಾರಿನಲ್ಲಿ ದಖನಿ ಉರ್ದು ಎಂದು ಎಲ್ಲರೂ ಮೂರು ನಾಲಿಗೆ ಇಟ್ಟುಕೊಂಡು ಬದುಕುತ್ತಿದ್ದರೆ, ಇವರು ಒಂದೇ ನಾಲಿಗೆಯ ಮನುಷ್ಯ. ಅದೂ ಅಚ್ಚಾದ ಪುಸ್ತಕದಿಂದ ಕತ್ತರಿಸಿ ತಂದಂಥದ್ದು. ನಮ್ಮ ಅವ್ವ ಕಾಂಪೌಂಡಿನ ಮೇಲಿಂದ, "ಚಾ ಆತೇನ್ರಿ?" ಎಂದು ಕೇಳಿದರೆ, "ಚಹಾ ಸೇವನೆ ಈಗಷ್ಟೇ ಸಂಪನ್ನಗೊಂಡಿತು, ತಾಯಿ" ಎನ್ನುತ್ತಿದ್ದರು. ಅವ್ವ ಒಳಗೆ ಬಂದು, "ಈ ಮನಶಾಗ ಜ್ವರ ಬಂದ್ರೂ ವ್ಯಾಕರಣಾ ಬಿಟ್ಟು ನರಳಂಗಿಲ್ಲ ನೋಡು" ಎನ್ನುತ್ತಿದ್ದಳು.

ಅವರು ಮನೆ ಮಾಡಿದ ಮೊದಲ ವಾರವೇ ಅವ್ವ ವಿಚಾರಿಸಿದ್ದಳು, ಯಾವೂರಿನವರೆಂದು. ತಾನು ಲಿಂಗಸೂಗೂರು ಸೀಮೆಯವಳೆಂದೂ ಹೇಳಿ, ತವರೂರಿನ ಹೆಸರನ್ನೂ ಹೇಳಿದಳು. ಅವರು ಜೇಬಿನ ಪೆನ್ನು ಸರಿಮಾಡಿಕೊಂಡು, "ನಾವು ಧಾರವಾಡದವರು. ತಂದೆಯವರು ಶಿಕ್ಷಕರಾಗಿದ್ದರು" ಎಂದರಂತೆ. ಧಾರವಾಡ ಎಂದ ಮೇಲೆ ಮುಗಿಯಿತು. ನಮ್ಮವರಿಗೆ ಧಾರವಾಡದಿಂದ ಬಂದವರು ಕೆಮ್ಮಿದರೂ ಅದರಲ್ಲಿ ಸಾಹಿತ್ಯ ಕೇಳಿಸುತ್ತದೆ. ಹಾಗೆ ಅವರು ಸಂಘದೊಳಗೆ ಬಂದರು, ಬಂದವರು ಮೈಕು ಹಿಡಿದರು, ಹಿಡಿದ ಮೈಕನ್ನು ಬಿಡಲಿಲ್ಲ.

ಅವರ ನಿಜವಾದ ಪ್ರತಿಭೆ ಇದ್ದದ್ದು ಶಾಲು ಹೊದಿಸುವುದರಲ್ಲಿ. ಬೇಗಂ ಬಜಾರಿನ ಒಂದು ಸಗಟು ಅಂಗಡಿಯಿಂದ ಕಟ್ಟುಗಟ್ಟಲೆ ತರುತ್ತಿದ್ದರು. ಜರಿ ಅಂಚಿನ, ತೆಳ್ಳನೆಯ, ಒಂದು ಸಲ ತೊಳೆದರೆ ಕರವಸ್ತ್ರವಾಗುವ ಶಾಲು. ಯಾರು ಸಿಕ್ಕರೂ ಹೊದಿಸುತ್ತಿದ್ದರು. ಮುಖ್ಯ ಅತಿಥಿಗೆ, ಮುಖ್ಯ ಅತಿಥಿಯ ಜೊತೆ ಸುಮ್ಮನೆ ಬಂದ ಭಾವಮೈದುನನಿಗೆ, ದೇಣಿಗೆ ಕೊಟ್ಟವರಿಗೆ, ಕೊಡುತ್ತೇನೆಂದು ಕೊಡದವರಿಗೆ, ಧ್ವನಿವರ್ಧಕದವನಿಗೆ. ಒಮ್ಮೆ ಆಸ್ಪತ್ರೆಗೆ ಸೇರಿದ್ದಾಗ ಬಿಡುಗಡೆಯ ದಿನ ವೈದ್ಯರಿಗೂ ಹೊದಿಸಿ, ಪಕ್ಕದ ಹಾಸಿಗೆಯ ರೋಗಿಯ ಕೈಯಲ್ಲಿ ಚಪ್ಪಾಳೆ ಹೊಡೆಸಿದ್ದರು. ನಮ್ಮ ಗಲ್ಲಿಯಲ್ಲಿ ಅವರ ಶಾಲು ಇಲ್ಲದ ಮನೆ ಇಲ್ಲ. ನಮ್ಮ ಮನೆಯಲ್ಲಿ ನಾಲ್ಕಿವೆ. ಒಂದರಲ್ಲಿ ಅವ್ವ ರೊಟ್ಟಿ ಸುತ್ತಿಡುತ್ತಾಳೆ, ಉಳಿದವು ಹಪ್ಪಳ ಒಣಗಿಸಲು ಉಪಯೋಗಕ್ಕೆ ಬರುತ್ತವೆ.

ಎರಡನೆಯ ಪ್ರತಿಭೆ ವಿವರಣೆ. ವರ್ಷಕ್ಕೊಮ್ಮೆ ಸಂಘದಲ್ಲಿ ಜಾನಪದ ಗಾಯನ ಇರುತ್ತಿತ್ತು. ಹಾಡುವವರು ಹಾಡು ಮುಗಿಸಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಇವರು ಮೈಕಿಗೆ ಮೂರು ಸಲ ಬೆರಳಿಂದ ಬಡಿದು ಶುರುಮಾಡುತ್ತಿದ್ದರು: "ಇಲ್ಲಿ ಗರತಿಯು ಬೀಸುವ ಕಲ್ಲನ್ನು ಕೇವಲ ಕಲ್ಲೆಂದು ಪರಿಭಾವಿಸದೆ..." ಎದುರಿಗೆ ಕೂತವರಲ್ಲಿ ಅರ್ಧ ಜನ ಮುದುಕಿಯರು. ಬೀಸಿ ಬೀಸಿ ಅಂಗೈ ಜಡ್ಡುಗಟ್ಟಿದವರು. ಅವರಿಗೆ ಕಲ್ಲು ಕಲ್ಲಲ್ಲ ಎಂದು ಇವರು ತಿಳಿಸಿಕೊಡುತ್ತಿದ್ದರು. ಮುದುಕಿಯರು ಪಾಪ, ತಲೆ ಆಡಿಸುತ್ತಿದ್ದರು.

ಇನ್ನು ನಮ್ಮ ಅವ್ವನ ವಿಷಯ. ಅವ್ವನಿಗೆ ಒಂದು ಪದ ಅರ್ಧ ಬರುತ್ತಿತ್ತು. ಅವಳ ತವರು ಊರಿಗೆ ದೊಡ್ಡ ಮನೆ. ಜನ ಅದನ್ನು ವಾಡೆ ಎನ್ನುತ್ತಿದ್ದರು. ಅಲ್ಲಿ ಬೆಳಗಿನ ಜಾವ ಕೂಲಿಗೆ ಜೋಳ ಬೀಸಲು ಒಬ್ಬಳು ಬರುತ್ತಿದ್ದಳಂತೆ. ಏಳೆಂಟು ವರ್ಷದ ಅವ್ವ ಕೌದಿಯೊಳಗೆ ಮಲಗಿ ಅವಳ ಪದ ಕೇಳುತ್ತಿದ್ದಳು.

ಬೆಳ್ಳಿ ಮೂಡುವ ಮುಂಚೆ ಕಲ್ಲಿಗೆ ಕುಂತೇನ
ಬಳ್ಳ ಜೋಳಕ್ಕ ಪದನೂರ ಹಾಡೇನ
ಹಳ್ಳಿ ಮಲಗೈತಿ ಹೊದಕೊಂಡ

ಹೀಗೆ ನಾಲ್ಕೈದು ನುಡಿ ಬರುತ್ತಿತ್ತು. ಕೊನೆಯ ನುಡಿ "ಹಿಟ್ಟು ವಾಡೇಕ ಆತ" ಎಂದು ಶುರುವಾಗುತ್ತಿತ್ತಂತೆ. ಅಷ್ಟು ಹೊತ್ತಿಗೆ ಕಲ್ಲಿನ ಸದ್ದು ನಿಲ್ಲುತ್ತಿತ್ತು, ಪದವೂ ನಿಲ್ಲುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಅವ್ವನಿಗೆ ಈ ಪದ ಹೆಚ್ಚು ನೆನಪಾಗತೊಡಗಿತು. ಮಾಳಿಗೆಯ ಮೇಲೆ ಜೋಳ ಹಸನು ಮಾಡುತ್ತ ಅದನ್ನೇ ಅನ್ನುತ್ತಿದ್ದಳು, ಅದೇ ಜಾಗದಲ್ಲಿ ಮುಗ್ಗರಿಸುತ್ತಿದ್ದಳು. "ಅರ್ಧಾ ತುತ್ತು ಗಂಟಲಾಗ ಸಿಕ್ಕಂಗ ಆಗತೈತಿ. ಸಾಯೂದ್ರಾಗ ಒಮ್ಮೆ ಪೂರಾ ಕೇಳಬೇಕು" ಎನ್ನುತ್ತಿದ್ದಳು. ಅವಳು ಗಟ್ಟಿ ದನಿ ತೆಗೆದರೆ ಬಾಜೂ ಮನೆಯ ಕಿಟಕಿ ಮುಚ್ಚಿಕೊಳ್ಳುತ್ತಿತ್ತು. ಕಾರ್ಯದರ್ಶಿಗಳು ಬೇಸೂರು ಸಹಿಸುವುದಿಲ್ಲ ಎಂದುಕೊಂಡಿದ್ದೆವು.

ತನ್ನ ತವರೂರಿನಲ್ಲಿ ಇನ್ನೂ ಬೀಸುವ ಪದ ಹಾಡುವ ಮುದುಕಿ ಇದ್ದಾಳೆ, ಅವಳ ತಂಡವನ್ನು ಕರೆಸಿರಿ ಎಂದು ಅವ್ವ ಪ್ರತಿ ವರ್ಷ ಅವರಿಗೆ ಹೇಳುತ್ತಿದ್ದಳು. ಅವರು ಪ್ರತಿ ವರ್ಷ, "ಖಂಡಿತವಾಗಿಯೂ ಮುಂದಿನ ಸಾಲಿನಲ್ಲಿ ಪರಿಶೀಲಿಸೋಣ, ತಾಯಿ" ಎನ್ನುತ್ತಿದ್ದರು. ಮಂಡ್ಯದ ತಂಡ ಬಂತು, ಚಾಮರಾಜನಗರದ ತಂಡ ಬಂತು, ಮಂಗಳೂರಿನಿಂದ ಕೂಡ ಬಂದರು. ನೂರು ಹರದಾರಿಯಾಚೆಯ ಊರುಗಳೆಲ್ಲ ಬಂದು ಹೋದರೂ ಒಂದು ರಾತ್ರಿ ಬಸ್ಸಿನ ದಾರಿಯ ಲಿಂಗಸೂಗೂರು ಬರಲೇ ಇಲ್ಲ.

ಮೂರು ವರ್ಷದ ಹಿಂದೆ ಹೊಸ ಅಧ್ಯಕ್ಷರು ಬಂದರು. ಸುಲ್ತಾನ್ ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟವರು, ಕಾರ್ಯದರ್ಶಿಗಳ ವ್ಯಾಕರಣಕ್ಕೆ ಹೆದರದವರು. ಆ ಮುದುಕಿಯ ಹಾಡನ್ನು ಯಾರದೋ ಫೋನಿನಲ್ಲಿ ನೋಡಿ, ತಾವೇ ಮಾತಾಡಿ, ತಂಡವನ್ನು ಗೊತ್ತುಮಾಡಿಬಿಟ್ಟರು. ಕಾರ್ಯದರ್ಶಿಗಳು ಮೂರು ಸಭೆಗಳಲ್ಲಿ ವಿರೋಧಿಸಿದರಂತೆ. ವಯಸ್ಸಾದವರು, ಪ್ರಯಾಣದ ಆಯಾಸ, ಅನಾಹುತವಾದರೆ ಸಂಘಕ್ಕೆ ಕಳಂಕ ಎಂದೆಲ್ಲ ಹೇಳಿದರಂತೆ. ಯಾರೂ ಕೇಳಲಿಲ್ಲ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕಾರ್ಯಕ್ರಮ. ಅವ್ವ ಏಳಕ್ಕೇ ಇಳಕಲ್ ಸೀರೆ ಉಟ್ಟು ಬಾಗಿಲಲ್ಲಿ ಕೂತಿದ್ದಳು. ನಾನು, ನನ್ನ ಹೆಂಡತಿ, ಹತ್ತನೇ ಕ್ಲಾಸಿನ ಮಗಳು ಎಲ್ಲರೂ ಹೊರಟೆವು. ಮೂರನೆಯ ಸಾಲಿನಲ್ಲಿ ಜಾಗ ಹಿಡಿದೆವು. ಮುದುಕಿ ವೇದಿಕೆಯ ಮೂಲೆಯಲ್ಲಿ ಜಮಖಾನೆಯ ಮೇಲೆ ಕೂತಿದ್ದಳು. ಎಂಬತ್ತು ದಾಟಿದ ಜೀವ. ಹಿಂದೆ ಇಬ್ಬರು ಸೊಸೆಯಂದಿರು, ಮುಂದೆ ಒಂದು ಬೀಸುವ ಕಲ್ಲು. ಅವ್ವ ನನ್ನ ಕೈ ಹಿಡಿದುಕೊಂಡಳು.

ಹತ್ತರಿಂದ ಹನ್ನೆರಡೂವರೆಯವರೆಗೆ ಸ್ವಾಗತ. ಇದನ್ನು ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ. ಸ್ವಾಗತ, ಪ್ರಾಸ್ತಾವಿಕ, ದೀಪ, ದೀಪ ಹತ್ತದಿದ್ದುದರಿಂದ ಮತ್ತೆ ದೀಪ, ಆಮೇಲೆ ಶಾಲು. ಕಾರ್ಯದರ್ಶಿಗಳು ಅಂದು ಎಂದಿಗಿಂತ ಹುರುಪಿನಲ್ಲಿದ್ದರು. ಪ್ರತಿ ಹೆಸರಿನ ಹಿಂದೆ ಐದು ವಿಶೇಷಣ. ಇಪ್ಪತ್ತೆರಡನೆಯ ಶಾಲಿನ ಹೊತ್ತಿಗೆ ನನ್ನ ಮಗಳು, "ಅಪ್ಪಾ, ಅಸಲು ಹಾಡು ಯಾವಾಗ?" ಎಂದು ಕೇಳಿದಳು. ಸಭಾಂಗಣದ ಮ್ಯಾನೇಜರ್ ಎರಡು ಸಲ ಬಂದು ಇಣುಕಿ ಹೋದ. ಒಂದು ಗಂಟೆಗೆ ಸಭಾಂಗಣ ಖಾಲಿ ಮಾಡಬೇಕಿತ್ತು, ಸಂಜೆ ಅಲ್ಲಿ ಮದುವೆಯ ಆರತಕ್ಷತೆ.

ಅಂತೂ ಮುದುಕಿಗೆ ಮೈಕು ಸಿಕ್ಕಿತು. ಅವಳಿಗೆ ವಿಶೇಷಣಗಳೇನೂ ಗೊತ್ತಿರಲಿಲ್ಲ. ಸೊಸೆಯೊಬ್ಬಳು ಕಲ್ಲಿನ ಗೂಟ ಹಿಡಿದಳು, ಮುದುಕಿ ದನಿ ತೆಗೆದಳು. ಎರಡೂವರೆ ಗಂಟೆ ಗದ್ದಲ ಹಾಕಿದ್ದ ಸಭಾಂಗಣ ಒಂದೇ ಏಟಿಗೆ ಸುಮ್ಮನಾಯಿತು. ಆ ದನಿ ಚೆಂದವೇನಲ್ಲ. ಒಡೆದಿತ್ತು. ಆದರೆ ನನ್ನ ಹೆಂಡತಿ, ಮೊಬೈಲು ಬಿಟ್ಟು ತಲೆ ಎತ್ತದ ಮಗಳು, ಮುಂದಿನ ಸಾಲಿನ ದೇಣಿಗೆದಾರರು ಎಲ್ಲರೂ ಬಾಯಿ ತೆರೆದು ಕೂತುಬಿಟ್ಟರು.

ಎರಡು ಪದ ಆದವು. ಮೂರನೆಯದಕ್ಕೆ ಮುಂಚೆ ಮುದುಕಿ, "ಇದು ನನ್ನ ಪದ ಅಲ್ರಿ. ನಮ್ಮೂರ ವಾಡೇದಾಗ ಬೀಸ್ತಿದ್ದಾಕಿದು" ಎಂದು ಹೇಳಿ, "ಬೆಳ್ಳಿ ಮೂಡುವ ಮುಂಚೆ" ಎಂದು ಎತ್ತಿಕೊಂಡಳು. ಅವ್ವ ಕುರ್ಚಿಯ ತುದಿಗೆ ಬಂದಳು. ತುಟಿ ಅಲ್ಲಾಡುತ್ತಿದ್ದವು. ಒಂದು ನುಡಿ, ಎರಡು, ಮೂರು, ನಾಲ್ಕು. "ಹಿಟ್ಟು ವಾಡೇಕ ಆತ..."

ಕಾರ್ಯದರ್ಶಿಗಳು ವೇದಿಕೆಯ ಆ ತುದಿಯಿಂದ ಹೆಚ್ಚುಕಡಿಮೆ ಓಡಿ ಬಂದರು. ಮುದುಕಿಯ ಮೇಲೆ ಶಾಲು ಬಿತ್ತು. ಹೊದಿಸಿದ್ದಲ್ಲ, ಬಿತ್ತು. ಮೈಕು ಅವರ ಕೈಗೆ ಬಂತು. "ಸಮಯದ ಅಭಾವದಿಂದಾಗಿ ಮಾತೆಯವರನ್ನು ಇಲ್ಲಿಯೇ ಸನ್ಮಾನಿಸಿ..." ಮುದುಕಿ ಶಾಲಿನೊಳಗಿಂದ ಮುಖ ಎತ್ತಿ ಅವರನ್ನು ದಿಟ್ಟಿಸಿ ನೋಡಿ, ಏನೋ ಕೇಳಿದಳು. ಅವರು ಕೇಳಿಸದವರಂತೆ ವಂದನಾರ್ಪಣೆಗೆ ಇಳಿದರು.

ನಮ್ಮ ಅವ್ವ ಎದ್ದು ನಿಂತಳು. ಎಪ್ಪತ್ತೈದು ವರ್ಷದಲ್ಲಿ ಸಭೆಯಲ್ಲಿ ಬಾಯಿ ಬಿಟ್ಟವಳಲ್ಲ.

"ಏ, ಪದಾ ಮುಗೀಲಿ ಬಿಡ್ರಿ! ನಿಮ್ಮ ಶಾಲಿಗೆ ಬೆಂಕಿ ಹತ್ತಲಿ!"

ಸಭೆಯಲ್ಲಿ ಚಪ್ಪಾಳೆ ಬಿತ್ತು. ಅಷ್ಟರಲ್ಲಿ ಮ್ಯಾನೇಜರ್ ವೇದಿಕೆಯನ್ನೇ ಹತ್ತಿ, "ಸಾರ್, ಟೈಮ್ ಅಯಿಪೋಯಿಂದಿ, ಪೆಳ್ಳಿವಾಳ್ಳು ವಚ್ಚೇಶಾರು" ಎಂದು ಮೈಕಿನಲ್ಲೇ ಹೇಳಿಬಿಟ್ಟ. ಮದುವೆಯವರು ಆಗಲೇ ಹೂವಿನ ಬುಟ್ಟಿ ಹೊತ್ತು ಒಳಗೆ ಬರುತ್ತಿದ್ದರು. ಕಾರ್ಯಕ್ರಮ ಮುಗಿಯಿತು. ಅವ್ವ ಮತ್ತೆ ಕೂತು ಅತ್ತಳು. ನನಗೆ ಅವರ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಬಾಜೂ ಮನೆ, ಮೂವತ್ತು ವರ್ಷ ಎಲ್ಲ ಮರೆತು ಕೈ ಮಾಡಿಬಿಡುತ್ತಿದ್ದೆನೇನೋ.

ಊಟ ಕೆಳಗಿನ ಮಹಡಿಯಲ್ಲಿತ್ತು. ಅವ್ವ ಊಟಕ್ಕೆ ಹೋದವಳು ಊಟದ ಕಡೆ ನೋಡಲಿಲ್ಲ, ನೇರ ಹೋಗಿ ಮುದುಕಿಯ ಪಕ್ಕದ ಕುರ್ಚಿಯಲ್ಲಿ ಕೂತಳು. ನಾವು ಎದುರಿಗೆ ಕೂತೆವು.

"ಯವ್ವಾ, ನಾ ವಾಡೇದ ಮಗಳು."

ಮುದುಕಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನೋಡಿದಳು. "ಪರಕಾರ ಉಟಗೊಂಡು ಅಂಗಳದಾಗ ಜಿಗೀತಿದ್ದ್ಯಲ್ಲ, ಆಕಿ ಏನ ನೀ?"

"ಆಕೀನs. ಆ ಪದಾ ಮುಗಸ ಬೇ. ಹಿಟ್ಟು ವಾಡೇಕ ಆತ, ಮುಂದ?"

"ಹಿಟ್ಟು ವಾಡೇಕ ಆತ, ನುಚ್ಚು ನನಗಾತ..." ಮುದುಕಿ ಅಷ್ಟು ಅಂದು ನಿಂತಳು. ಮತ್ತೆ ಮೊದಲಿಂದ ಅಂದಳು, ಮತ್ತೆ ನಿಂತಳು. ಸೊಸೆಯರ ಕಡೆ ನೋಡಿದಳು. ಅವರಿಗೂ ಗೊತ್ತಿರಲಿಲ್ಲ. "ಮ್ಯಾಲ ಆ ಹುಮ್ಮಸಿನ್ಯಾಗ ಬರತಿತ್ತೇನ. ಈಗ ತಪ್ಪಿ ಹೋತು ತಂಗಿ. ಮರವು ಭಾಳ ಆಗೈತಿ. ನಾ ಎದುರಿಗೆ ಕುಂತು ಗೂಟಾ ಹಿಡೀತಿದ್ದೆ ಅಷ್ಟs. ಅಂತಿದ್ದಾಕಿ ಬ್ಯಾರೆ."

ಅವ್ವನ ಮುಖ ಇಳಿದುಹೋಯಿತು. ಆಗ ಮುದುಕಿ ನಮ್ಮ ತಲೆಯ ಮೇಲಿಂದ ಹಿಂದಕ್ಕೆ ಕೈ ತೋರಿಸಿದಳು. "ಅಗೋ, ಅಂವ್ಗ ಕೇಳು. ಅಂವ್ಗ ಬರತೈತಿ."

ಹಿಂದೆ ಕಾರ್ಯದರ್ಶಿಗಳು ಶೇಂಗಾ ಹೋಳಿಗೆಯ ತಟ್ಟೆ ಹಿಡಿದು ನಿಂತಿದ್ದರು. ಪಂಕ್ತಿಯಲ್ಲಿ ತಾವೇ ಓಡಾಡಿ ಒತ್ತಾಯ ಮಾಡುವುದು ಅವರ ಪದ್ಧತಿ.

"ಮಾತೆಯವರು ಬೇರಾರನ್ನೋ ನೆನೆದು ನನ್ನನ್ನು..." ಎಂದು ಶುರುಮಾಡಿದರು.

"ಏ, ಸಾಕು ಬಿಡೋ ತಮ್ಮಾ. ಶಾಲು ಹಾಕುವಾಗ ನಿನ್ನ ಕಿವಿ ನೋಡೀನಿ. ನಿಮ್ಮವ್ವಂದs ಕಿವಿ. ಯಾರ ಮಗಾ ನೀ ಅಂತ ಕೇಳಿದ್ರ, ಮೈಕಿನ್ಯಾಗ ಏನೇನರ ಒದರಾಕತ್ತಿ."

ಅದೇ ಹೊತ್ತಿಗೆ ಬಾಗಿಲಿಂದ ಅಧ್ಯಕ್ಷರು ಕೂಗಿದರು, "ಕಾರ್ಯದರ್ಶಿಗಳs, ಲಗೂನ ಬರ್ರಿ! ಅತಿಥಿಗಳು ಹೊಂಟ್ರು, ಕಾರಿನ ತನಕ ಬಿಟ್ಟು ಬರೋಣ!" ಅತಿಥಿಗಳನ್ನು ಕಾರಿನ ತನಕ ಬಿಟ್ಟು, ಕಾರಿನ ಬಾಗಿಲು ಹಾಕಿ, ಕಾರು ತಿರುವಿನಲ್ಲಿ ಮರೆಯಾಗುವವರೆಗೆ ಕೈ ಮುಗಿದು ನಿಲ್ಲುವುದನ್ನು ಅವರು ಜೀವಮಾನದಲ್ಲಿ ಒಮ್ಮೆಯೂ ತಪ್ಪಿಸಿದವರಲ್ಲ. ಬಾಗಿಲ ಕಡೆ ನೋಡಿದರು. ಅವ್ವನ ಕಡೆ ನೋಡಿದರು. ಅವ್ವನ ಕಣ್ಣಲ್ಲಿ ಇನ್ನೂ ನೀರಿತ್ತು.

ತಟ್ಟೆಯನ್ನು ಮೇಜಿನ ಮೇಲಿಟ್ಟು, ನನ್ನ ಮಗಳ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತರು. ಎದೆಯ ಮೇಲೆ ಇನ್ನೂ ಸಂಘದ ಬಿಲ್ಲೆ ಇತ್ತು. ತಲೆ ಬಗ್ಗಿಸಿ ಅಂದರು:

ಹಿಟ್ಟು ವಾಡೇಕ ಆತ, ನುಚ್ಚು ನನಗಾತ
ತೊಟ್ಟಿಲಾಗಿನ ಮಗನ ಹಸಿವೀಗಿ ಈ ನುಚ್ಚು
ಅಟ್ಟು ಉಣಿಸೇನ ಅಳಬ್ಯಾಡ

ಎಂಥ ಕೆಟ್ಟ ದನಿ! ಮೂವತ್ತು ವರ್ಷ ಅದು ಮಾತಾಡುವುದನ್ನಷ್ಟೇ ಕೇಳಿದ್ದ ನಾವು ಅದೃಷ್ಟವಂತರು. ಆದರೆ ಒಂದು ಅಕ್ಷರ ತಪ್ಪಲಿಲ್ಲ. ಮುದುಕಿ ಮೇಜಿನ ಮೇಲೆ ಅಂಗೈಯಿಂದ ಕಲ್ಲು ತಿರುಗಿಸುವಂತೆ ತಿರುಗಿಸುತ್ತಿದ್ದಳು. ಅವ್ವ ಮೂಗಿನ ಮೇಲೆ ಸೆರಗು ಹಿಡಿದಿದ್ದಳು.

"ಮೂವತ್ತು ವರ್ಷ ಬಾಜೂ ಮನ್ಯಾಗ ಇದ್ರಿ," ಎಂದಳು ಅವ್ವ. "ನಾ ಮಾಳಿಗಿ ಮ್ಯಾಲ ಅರ್ಧಕ್ಕ ನಿಂದ್ರೂದು ದಿನಾ ಕೇಳ್ತಿದ್ರಿ. ಒಂದ್ ಮಾತು ಹೇಳಬಾರದಿತ್ತೇನ್ರಿ?"

ಅವರು ಉತ್ತರ ಕೊಟ್ಟದ್ದು ನಮ್ಮ ಕನ್ನಡದಲ್ಲಿ. ಆ ಬಾಯಲ್ಲಿ ಅದನ್ನು ನಾನು ಕೇಳಿದ್ದು ಆವತ್ತೇ ಮೊದಲು, ಆಮೇಲೆ ಕೂಡ ಬಹಳ ಸಲ ಕೇಳಲಿಲ್ಲ.

"ಹೆಂಗ್ ಹೇಳ್ಲಿರಿ ಅಕ್ಕಾರ? ನಿಮ್ಮ ಮನಿ ಜ್ವಾಳ ತೀರಿದ ಕೂಡ್ಲೆ ಆಕಿ ಪದಾ ನಿಂದ್ರಸ್ತಿದ್ಲು. ಉಳದದ್ದು ಮನಿಗೆ ಬಂದು ನುಚ್ಚು ಕುದಿಯಾಕ ಇಟ್ಟು, ನನ್ನ ತೂಗಕೋಂತ ಅಂತಿದ್ಲು. ಅದು ನಿಮಗ ಹೆಂಗ್ ಗೊತ್ತಿರಬೇಕು? ನನಗ ಗೊತ್ತೈತಿ ಅಂದ್ರ ನಾ ಯಾರಂತ ನಿಮಗ ಗೊತ್ತಾಗತಿತ್ತು."

ನನಗೆ ನಾಚಿಕೆಯಾಯಿತು. ಅವರಿಗಾಗಿಯಲ್ಲ, ನಮಗಾಗಿ. ಅವರ ಶಾಲು, ವ್ಯಾಕರಣ, ಧಾರವಾಡ ಎಲ್ಲವನ್ನೂ ನಮ್ಮ ಮನೆಯಲ್ಲಿ ಊಟದ ಜೊತೆ ಉಪ್ಪಿನಕಾಯಿಯಂತೆ ನೆಂಜಿಕೊಂಡು ನಕ್ಕಿದ್ದೆವು. ಹಾಗೆಂದು ಅವರು ಮಾಡಿದ್ದು ಸರಿ ಎಂದೂ ನಾನು ಹೇಳಲಾರೆ. ತನ್ನ ತಾಯಿಯ ಪದದ ಮೇಲೆ ಶಾಲು ಎಸೆದ ಮನುಷ್ಯ ಅವರು. ಮರುವರ್ಷವೂ ಅಷ್ಟೇ ಶಾಲು ತಂದರು, ಅಷ್ಟೇ ಹೊತ್ತು ಸ್ವಾಗತಿಸಿದರು, ಧಾರವಾಡದವರಾಗಿಯೇ ತೀರಿಕೊಂಡರು.

ಆದರೆ ಆವತ್ತು ಅವ್ವ ಮುಂದೆ ಬಡಿಸಿದ್ದ ಎಲೆಯನ್ನು ಪಕ್ಕಕ್ಕೆ ಸರಿಸಿ ಕೇಳಿದಳು.

"ನಾವು ಬೀಸಾಕಿ, ಬೀಸಾಕಿ ಅಂತಿದ್ವಿ ಅಷ್ಟs. ನಿಮ್ಮವ್ವನ ಹೆಸರು ಏನಿತ್ತ್ರಿ?"

"ನಿಮ್ಮ ಮನ್ಯಾಗ ಯಾರೂ ಕೇಳಿದ್ದಿಲ್ರಿ," ಎಂದರು ಅವರು. ಆಮೇಲೆ ತಾವೇ, "ನಾನೂ ಯಾರಿಗೂ ಹೇಳಿದ್ದಿಲ್ಲ" ಎಂದರು.

ಬಾಗಿಲಲ್ಲಿ ಅಧ್ಯಕ್ಷರು ಮತ್ತೆ ಕೂಗಿದರು. ಕಾರ್ಯದರ್ಶಿಗಳು ತಿರುಗಿ ನೋಡಲಿಲ್ಲ. ತಾಯಿಯ ಹೆಸರು ಹೇಳಿದರು. ಆಚೆ ಸಾಲಿನಲ್ಲಿ ಉಣ್ಣುತ್ತಿದ್ದವರು ತಲೆಯೆತ್ತಿ ನೋಡುವಷ್ಟು ಗಟ್ಟಿಯಾಗಿ ಹೇಳಿದರು.